ರವಾನೆಯ ಪೆಟ್ಟಿಗೆ ಮತ್ತು ಅಹಿಂಸಾಣುವ್ರತ

ಆಹಾರವಿಲ್ಲದಿರುವುದೆಲ್ಲ ಉಪವಾಸವಲ್ಲವೆಂಬುದು ವ್ರತನಿಷ್ಠರಾದ ವಾಚಕರಿಗೆ ತಿಳಿದ ವಿಷಯವೇ. ದೊರೆಯುವ ಆಹಾರವನ್ನು ಸ್ವೇಚ್ಛೆಯಿಂದ ತ್ಯಜಿಸಿ ಆತ್ಮಸಮೀಪದಲ್ಲಿ ನೆಲೆಸುವುದು ಉಪವಾಸ. ಪರಜೀವಿಗೆ ಸಲ್ಲಬೇಕಾದ ಆಹಾರವನ್ನು ತಡೆಯುವುದಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ: ಅನ್ನಪಾನನಿರೋಧ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಬಂಧ, ವಧ, ಛೇದ, ಅತಿಭಾರಾರೋಪಣಗಳೊಡನೆ ಇದನ್ನು ಐದನೆಯದಾಗಿ ಎಣಿಸಿದ್ದಾರೆ. ಈ ಐದರಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ತನ್ನ ನಿತ್ಯದ ಕ್ರಮವಾಗಿಸಿಕೊಂಡ ವ್ಯಾಪಾರವೊಂದು ಅಮೆರಿಕ ದೇಶದಲ್ಲಿ ನಡೆಯುತ್ತಿದೆ.

ಅಲ್ಲಿ ಹಾವು, ಹಲ್ಲಿ, ಆಮೆಗಳನ್ನು ವಿನೋದಕ್ಕಾಗಿ ಮನೆಯಲ್ಲಿ ಸಾಕುವವರು ಅನೇಕರು. ಮಾರುವವನು ಒಂದು ರಾಜ್ಯದಲ್ಲಿ, ಕೊಳ್ಳುವವನು ಸಾವಿರ ಮೈಲಿ ದೂರದ ಮತ್ತೊಂದರಲ್ಲಿ. ಚಿತ್ರ ನೋಡಿ ಹಣ ಕಳುಹಿಸಿದರಾಯಿತು, ಪ್ರಾಣಿ ಮನೆಬಾಗಿಲಿಗೆ ಬರುತ್ತದೆ. ಸರಕಾರಿ ಅಂಚೆಯು ನಿರುಪದ್ರವಿಗಳಾದ ಸಣ್ಣ ಹಲ್ಲಿಗಳನ್ನು ಒಪ್ಪಿಕೊಳ್ಳುವುದುಂಟು, ಹಾವು ಆಮೆಗಳನ್ನು ಒಪ್ಪದು. ಆದುದರಿಂದ ಅವು ಖಾಸಗಿ ಕೊರಿಯರ್ ಮೂಲಕ ರಾತ್ರೋರಾತ್ರಿ ಪಯಣಿಸುತ್ತವೆ. ಹೊಟ್ಟೆಯಲ್ಲಿ ಆಹಾರವಿದ್ದರೆ ದಾರಿಯಲ್ಲಿ ಕಕ್ಕುವುದೆಂದು ಕೆಲವು ದಿನ ಮೊದಲೇ ಅದನ್ನು ನಿಲ್ಲಿಸುತ್ತಾರೆ. ಬಳಿಕ ಬಟ್ಟೆಯ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಥರ್ಮೋಕೋಲ್ ಹೊದಿಸಿದ ಪೆಟ್ಟಿಗೆಯೊಳಗೆ ಇರಿಸುತ್ತಾರೆ. ಚಳಿಗಾಲದಲ್ಲಿ ಜೊತೆಗೊಂದು ಶಾಖದ ಪೊಟ್ಟಣ. ಅದರೊಳಗಿನ ಕಬ್ಬಿಣದ ಪುಡಿಯು ಗಾಳಿಯ ಆಮ್ಲಜನಕವನ್ನು ಹೀರಿಯೇ ಬಿಸಿಯಾಗುವುದರಿಂದ, ರಂಧ್ರಗಳು ಸಾಲದಿದ್ದರೆ ಪ್ರಾಣಿಯ ಉಸಿರಿಗೇ ಕುತ್ತು. ಸರೀಸೃಪದ ದೇಹ ತನಗೆ ಬೇಕಾದ ಶಾಖವನ್ನು ತಾನೇ ಉತ್ಪಾದಿಸಲಾರದು. ಕೊರೆಯುವ ಗೋದಾಮಿನಲ್ಲೋ ಕಾದ ವಾಹನದಲ್ಲೋ ಪೆಟ್ಟಿಗೆ ಒಂದು ದಿನ ಹೆಚ್ಚು ಉಳಿಯಿತೆಂದರೆ ತೆರೆದಾಗ ಕಾಣುವುದು ಕಳೇಬರ.

ವಿವಾದ ಆರಂಭವಾಗುವುದು ಆಗ. ಜೀವಂತವಾಗಿ ತಲುಪಿಸುವೆನೆಂದು ಮಾರಾಟಗಾರನು ಭರವಸೆ ಕೊಟ್ಟಿರುತ್ತಾನೆ. ಸತ್ತಿದ್ದರೆ ಇಂತಿಷ್ಟು ಗಂಟೆಯೊಳಗೆ ಛಾಯಾಚಿತ್ರ ಕಳುಹಿಸಬೇಕೆಂಬ ನಿಬಂಧನೆಯೂ ಇರುತ್ತದೆ. ಚಳಿಯಲ್ಲಿ ಕಳುಹಿಸಿದ್ದೇ ತಪ್ಪೆಂದು ಕೊಂಡವನು, ಪೆಟ್ಟಿಗೆ ಬಂದಾಗ ನೀವು ಮನೆಯಲ್ಲಿರಲಿಲ್ಲವೆಂದು ಮಾರಿದವನು, ವಿಳಂಬಕ್ಕೆ ತಾನು ಹೊಣೆಯಲ್ಲವೆಂದು ಸಾಗಿಸಿದವನು. ಆ ದೇಶದ ಏಕರೂಪ ವಾಣಿಜ್ಯ ಸಂಹಿತೆಯು ಪ್ರಾಣಿಯನ್ನು ಸರಕೆಂದೇ ಗಣಿಸುತ್ತದೆ, ಇನ್ನೂ ಹುಟ್ಟದ ಮರಿಯನ್ನು ಕೂಡ. ನಷ್ಟದ ಹೊಣೆ ಕೊರಿಯರಿಗೆ ಒಪ್ಪಿಸಿದ ಕ್ಷಣದಲ್ಲಿ ಕೈಬದಲಾಯಿಸಿತೇ, ಗ್ರಾಹಕನ ಬಾಗಿಲಲ್ಲೇ ಎಂಬುದು ಒಪ್ಪಂದದ ಸ್ವರೂಪವನ್ನು ಅವಲಂಬಿಸಿದೆ. (ಪರಿಗ್ರಹದ ಲೆಕ್ಕದಲ್ಲಿ ದ್ವಿಪದ, ಚತುಷ್ಪದಗಳೆಂದು ಎಣಿಸಿದ ನಮ್ಮ ಪೂರ್ವಿಕರಿಗೆ, ಕಾಲಿಲ್ಲದ ಹಾವನ್ನೂ ಆಸ್ತಿಯಾಗಿ ಎಣಿಸುವ ಕಾಲ ಬಂದೀತೆಂದು ತೋರಿರಲಾರದು.)

ಈ ವಿವಾದದಲ್ಲಿ ಸತ್ಯಕ್ಕೆ ಬೆಲೆಯಿಲ್ಲವೆಂದಲ್ಲ. ಕಾಡಿನಿಂದ ಹಿಡಿದುದನ್ನು ಮನೆಯಲ್ಲಿ ಹುಟ್ಟಿದ್ದೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಅದು ಅಚೌರ್ಯವ್ರತದ ಅತಿಚಾರ. ವಾದಿಸದೆ ಹಣ ಮರಳಿಸುವ ಮಾರಾಟಗಾರನು ಆ ಮಟ್ಟಿಗೆ ಪ್ರಾಮಾಣಿಕನೆಂದು ಒಪ್ಪಲೇಬೇಕು. ಆದರೆ ನಷ್ಟವನ್ನು ಹಂಚಬಹುದು, ಹಿಂಸೆಯನ್ನು ಹಂಚಲಾಗದು. ನೂರು ಡಾಲರುಗಳ ನಷ್ಟವನ್ನು ಇಬ್ಬರು ಐವತ್ತರಂತೆ ಹೊತ್ತರೆ ಲೆಕ್ಕ ಮುಗಿಯಿತು. ಕೃತ, ಕಾರಿತ, ಅನುಮೋದಿತಗಳಲ್ಲಿ ಒಬ್ಬನ ಪಾಲು ಹೆಚ್ಚಿತೆಂದು ಇನ್ನೊಬ್ಬನ ಪಾಲು ಕಡಿಮೆಯಾಗುವುದಿಲ್ಲ. ಚೀಲ ಕಟ್ಟಿದವನದು ಕೃತ, ಹಣ ಕೊಟ್ಟು ಕಟ್ಟಿಸಿದವನದು ಕಾರಿತ.

ಕೊಲ್ಲುವ ಉದ್ದೇಶ ಯಾರಿಗೂ ಇರಲಿಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ; ಪ್ರಮಾದವಿದ್ದವನಿಗೂ ಎಚ್ಚರವಿದ್ದವನಿಗೂ ಭೇದವುಂಟೆಂಬುದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವನ್ನು ಓದಿದವರಿಗೆ ಗೊತ್ತು. ಮರಣವು ಆಕಸ್ಮಿಕವೆಂದೇ ಇಟ್ಟುಕೊಳ್ಳೋಣ. ಬಂಧವೂ ಅನ್ನನಿರೋಧವೂ ಆಕಸ್ಮಿಕವಲ್ಲ; ಜೀವಂತವಾಗಿ ತಲುಪಿದ ಪೆಟ್ಟಿಗೆಯಲ್ಲಿಯೂ ಅವೆರಡೂ ನಡೆದೇ ಇರುತ್ತವೆ. ಭರವಸೆಯ ಪರಿಹಾರವನ್ನಾದರೂ ನೋಡಿ: ಅನೇಕ ವೇಳೆ ಸತ್ತುದಕ್ಕೆ ಬದಲಾಗಿ ಮತ್ತೊಂದು ಪ್ರಾಣಿಯನ್ನು ಕಳುಹಿಸುತ್ತಾರೆ. ಮತ್ತೆ ಅದೇ ಚೀಲ, ಅದೇ ಹಸಿವು.

ಬಾಲ್ ಪೈಥಾನ್ ಎಂಬ ಆಫ್ರಿಕದ ಸಣ್ಣ ಹೆಬ್ಬಾವಿನ ವಿಷಯದಲ್ಲಿ ಇನ್ನೊಂದು ಬಗೆಯ ಜಗಳವುಂಟು. ಸ್ಥಳ ಬದಲಾದರೆ ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಹಾರ ಮುಟ್ಟುವುದಿಲ್ಲ. ಇಲ್ಲಿದ್ದಾಗ ಚೆನ್ನಾಗಿ ತಿನ್ನುತ್ತಿತ್ತೆಂದು ಮಾರಿದವನು ಹೇಳುತ್ತಾನೆ. ರೋಗದ ಹಾವನ್ನು ಕೊಟ್ಟನೆಂದು ಕೊಂಡವನು ದೂರುತ್ತಾನೆ. ಶ್ವೇತಾಂಬರ ಪರಂಪರೆಯ ಚಂಡಕೌಶಿಕನು ಮಹಾವೀರಸ್ವಾಮಿಯ ಬೋಧೆಯಿಂದ ಎಚ್ಚೆತ್ತು, ಹುತ್ತದಲ್ಲಿ ಮುಖವಿಟ್ಟು, ಇರುವೆಗಳು ಕಚ್ಚಿದರೂ ಅಲುಗದೆ ಹದಿನೈದು ದಿನ ನಿರಾಹಾರನಾಗಿದ್ದನು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚಕ್ಕೆ ಅಣುವ್ರತದ ಯೋಗ್ಯತೆಯುಂಟೆಂಬುದು ಎರಡು ಪರಂಪರೆಗಳಿಗೂ ಸಮ್ಮತ. ಅಂತಹ ಜೀವಿಯ ಕಂಗಾಲಿನ ನಿರಾಹಾರವು ಇಲ್ಲಿ ಸರಕಿನ ದೋಷವೆಂದು ನಮೂದಾಗುತ್ತದೆ.

ಹಾಗಾದರೆ ಈಗಾಗಲೇ ಮನೆಗೆ ಬಂದ ಹಾವನ್ನು ಏನು ಮಾಡಬೇಕು? ಜೀವದಯೆಯೆಂದು ಬಯಲಿಗೆ ಬಿಡುವುದು ಸಲ್ಲದು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕುಪ್ರಾಣಿಗಳಾಗಿ ಬಂದ ಬರ್ಮಾದ ಹೆಬ್ಬಾವುಗಳು ನೆಲೆಯೂರಿ ಅಲ್ಲಿಯ ವನ್ಯಮೃಗಗಳನ್ನು ಬಹುವಾಗಿ ನಾಶಪಡಿಸಿದ್ದರಿಂದ, 2012ರಲ್ಲಿ ಅಮೆರಿಕ ಸರಕಾರ ಅವುಗಳ ಆಮದನ್ನೇ ನಿಷೇಧಿಸಿತು. ಹಿಂದಿರುಗಿಸೋಣವೆಂದರೆ ಪುನಃ ಪೆಟ್ಟಿಗೆ. ಮನೆಯಲ್ಲೇ ಇರಿಸಿಕೊಂಡರೆ ಅದಕ್ಕೆ ಇಲಿಗಳನ್ನು ಕೊಂಡು ಹಾಕಬೇಕು. ಹಿಂಸ್ರಪ್ರಾಣಿಗಳ ಪೋಷಣೆಯನ್ನು ಶ್ರಾವಕಾಚಾರ ಗ್ರಂಥಗಳು ನಿಷೇಧಿಸಿರುವುದು ಈ ಕಾರಣಕ್ಕೇ. ಸಮೀಪದಲ್ಲಿ ಸರೀಸೃಪಗಳನ್ನು ಸಲಹುವ ಆಶ್ರಯಸ್ಥಾನವಿದ್ದರೆ ತಾನೇ ಒಯ್ದು ಒಪ್ಪಿಸುವುದೊಂದು ಮಾರ್ಗ. ಅಲ್ಲಿಯೂ ಅದು ಇಲಿಯನ್ನೇ ತಿನ್ನುವುದು.