ಬಿಡುಗಡೆಯ ವ್ಯಾಜ್ಯವೂ ಗೃಹಸ್ಥಧರ್ಮವೂ



ದಾಂಪತ್ಯದ ಮಹಿಮೆಯನ್ನು ಹೇಳುವುದು ಸುಲಭ. ಕೇಳುವವರಿಗೂ ಅದು ಹಿತ. ಮುರಿದ ದಾಂಪತ್ಯದ ಮಾತನ್ನೆತ್ತಿದರೆ ಮಾತ್ರ ಸಭೆಯಲ್ಲಿ ಹಿರಿಯರು ತಲೆ ತಗ್ಗಿಸುತ್ತಾರೆ. ಆದರೆ ಮಗಳ ಅಥವಾ ಮಗನ ವಿಚ್ಛೇದನದ ವ್ಯಾಜ್ಯಕ್ಕಾಗಿ ಹೊಲವನ್ನು ಅಡವಿಟ್ಟವರು ಆ ಸಭೆಯಲ್ಲಿಯೇ ಕುಳಿತಿರುತ್ತಾರೆ. ಅವರು ಕೇಳದಿದ್ದರೂ ಅವರಿಗೆ ಬೇಕಾದ ಮಾತು ಇದೇ ಆದಕಾರಣ ಈ ಸಾರಿ ಅದನ್ನೇ ವಿಚಾರಿಸೋಣ.

ಮೊದಲನೆಯ ಸಂಶಯ: ಬೇರೆಯಾಗುವುದು ಪಾಪವಲ್ಲವೇ ಎಂಬುದು. ಜೇಡರ ದಾಸಿಮಯ್ಯನು ದಂಪತಿಗಳ ಏಕಮನಸ್ಸಿನ ಭಕ್ತಿಯನ್ನು ಕೊಂಡಾಡಿದನು. ಆ ವಚನ ನಿಮಗೆಲ್ಲ ಕಂಠಸ್ಥವಾಗಿದೆ. ಅದೇ ಪರಂಪರೆಯಲ್ಲಿ ಅಕ್ಕಮಹಾದೇವಿಯೂ ಇದ್ದಾಳೆ. ಹರಿಹರನ ರಗಳೆಯಂತೆ ಅವಳು ಕೌಶಿಕನನ್ನು ಕೆಲವು ಕರಾರುಗಳ ಮೇಲೆ ವರಿಸಿ, ಅವನು ಅವುಗಳನ್ನು ಮುರಿದಾಗ ಅರಮನೆಯನ್ನೇ ತೊರೆದು ಹೊರಟಳು. ಚಾಮರಸನು ಆ ವಿವಾಹವೇ ನಡೆಯಲಿಲ್ಲವೆನ್ನುತ್ತಾನೆ, ಕಥನಭೇದ ಹಾಗಿರಲಿ. ಮಾತು ತಪ್ಪಿದ ಗಂಡನನ್ನು ಬಿಟ್ಟು ಹೊರಟವಳೆಂದು ಬಲ್ಲೆವಾದರೂ ಶರಣಸಂಕುಲ ಆಕೆಯನ್ನು ಅಕ್ಕನೆಂದೇ ಕರೆಯಿತು. ಹೀಗಿರಲು, ಹೊಡೆತ ಬಡಿತಗಳನ್ನು ತಿಂದು ತವರಿಗೆ ಬಂದ ಮಗಳಿಗೆ "ಹೇಗಾದರೂ ಹೊಂದಿಕೊಂಡು ಹೋಗು ತಾಯಿ" ಎಂದು ಬುದ್ಧಿ ಹೇಳಿ ಮರಳಿ ಕಳುಹಿಸುವುದು ಧರ್ಮವೆಂದು ನನಗೆ ತೋರುವುದಿಲ್ಲ. ಅಂಥವಳಿಗೆ ಗಂಡನೊಡನೆ ಬಾಳಿದ ಮನೆಯಲ್ಲಿಯೇ ವಾಸದ ಹಕ್ಕನ್ನೂ ರಕ್ಷಣೆಯನ್ನೂ 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಕೊಟ್ಟಿದೆ.

ನಮ್ಮ ಉತ್ತರ ಸೀಮೆಯಲ್ಲಿ ಹಿಂದೆ ಸೋಡಚೀಟಿಯೂ ಉಡಕಿಯೂ ಇದ್ದವೆಂಬುದನ್ನು ವೃದ್ಧರು ಬಲ್ಲರು. ಈಗಲೂ ಕೆಲವೆಡೆ ಪಂಚರು ಕುಳಿತು ಛಾಪಾ ಕಾಗದದ ಮೇಲೆ ಬರೆಯಿಸಿ, ಇಬ್ಬರ ಸಹಿ ಹಾಕಿಸಿ, "ಮುಗಿಯಿತು" ಎನ್ನುತ್ತಾರೆ. ಮುಗಿದಿರುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹಿಡಿದೇ ತನ್ನೊಳಗೆ ಸೇರಿಸಿಕೊಂಡಿದೆ. ರೂಢಿಯ ಬಿಡುಗಡೆಯನ್ನು ಅದು ಉಳಿಸಿದೆಯಾದರೂ, ಅಂಥ ರೂಢಿ ತಮ್ಮ ಸಮುದಾಯದಲ್ಲಿ ಅನುಗಾಲವೂ ನಡೆದುಬಂದಿದೆಯೆಂದು ಸಾಕ್ಷ್ಯದಿಂದ ಸಿದ್ಧಪಡಿಸಬೇಕಾದವರು ನೀವೇ. ಪಂಚರ ಕಾಗದವನ್ನು ನಂಬಿ ಮರುಮದುವೆಯಾದವರು ಮುಂದೆ ಕೋರ್ಟಿನಲ್ಲಿ ಪೇಚಾಡಿದ್ದುಂಟು; ಅಗ್ಗವೆಂದು ಹಿಡಿದ ದಾರಿ ದುಬಾರಿಯಾಯಿತು.

ಇನ್ನು ಖರ್ಚಿನ ಮಾತು. ನ್ಯಾಯಾಲಯಕ್ಕೆ ಕಟ್ಟುವ ಶುಲ್ಕ ಇಲ್ಲಿ ದೊಡ್ಡದಲ್ಲ. ಮನೆಯನ್ನು ತಿನ್ನುವುದು ತಾರೀಖುಗಳು. ಒಂದೊಂದು ತಾರೀಖಿಗೂ ವಕೀಲರ ಫೀಜು, ಜಿಲ್ಲಾಸ್ಥಳಕ್ಕೆ ಬಸ್ಸಿನ ದರ, ಸಾಕ್ಷಿಗಳ ಊಟೋಪಚಾರ, ದೃಢೀಕೃತ ನಕಲು, ಆ ದಿನದ ಕಾಯಕದ ನಷ್ಟ. ಅದೂ ಒಂದೇ ಮೊಕದ್ದಮೆಯಾದರೆ ತಾಳಿಕೊಳ್ಳಬಹುದು. ಹಠ ಬೆಳೆದಂತೆ ವಿಚ್ಛೇದನಕ್ಕೊಂದು, ಜೀವನಾಂಶಕ್ಕೊಂದು, ಮಗುವಿಗೊಂದು, ಒಡವೆಗೊಂದು ಎಂದು ಕವಲೊಡೆದು, ಕೆಳಗೆ ಸೋತವರು ಮೇಲೆ ಹೋಗುತ್ತಾರೆ. ಈ ಹಠ ಬಹುಮಟ್ಟಿಗೆ ದಂಪತಿಗಳದಲ್ಲ, ಅವರ ಹಿಂದೆ ನಿಂತ ನಮ್ಮಂಥ ಹಿರಿಯರದು. "ಎಷ್ಟಾದರೂ ಖರ್ಚಾಗಲಿ, ಅವರನ್ನು ಬಿಡಬಾರದು" ಎಂದು ಗಂಟು ಬಿಚ್ಚುವ ಮಾವನನ್ನೂ ಸೋದರಮಾವನನ್ನೂ ನೀವೂ ಕಂಡಿದ್ದೀರಿ. ಆ ಗಂಟಿನಲ್ಲಿದ್ದುದು ಮೊಮ್ಮಗುವಿನ ಶಾಲೆಯ ದುಡ್ಡು.

ಇಬ್ಬರೂ ಒಪ್ಪಿದರೆ ದಾರಿ ಹ್ರಸ್ವವಾಗಿದೆ. 1976ರ ತಿದ್ದುಪಡಿಯಿಂದ ಪರಸ್ಪರ ಸಮ್ಮತಿಯ ವಿಚ್ಛೇದನ ಬಂದಿತು. ಒಂದು ವರ್ಷವಾದರೂ ಬೇರೆಯಾಗಿದ್ದವರು ಜಂಟಿಯಾಗಿ ಅರ್ಜಿ ಕೊಡಬೇಕು. ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಬಂದು ಮತ್ತೊಮ್ಮೆ ಒಪ್ಪಿಗೆ ಹೇಳಬೇಕು. ಯೋಗ್ಯ ಪ್ರಸಂಗದಲ್ಲಿ ಆ ಆರು ತಿಂಗಳನ್ನೂ ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಮಾನಿಸಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯಂತೂ ಮೊದಲು ರಾಜಿಗೆ ಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವನ್ನಾಗಿಯೇ ಮಾಡಿದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹೆದರಿ ಕುಳಿತ ಹೆಣ್ಣುಮಕ್ಕಳು ಎರಡು ಮಾತು ತಿಳಿಯತಕ್ಕದ್ದು. ಸ್ವಂತಕ್ಕೆ ಸಾಲುವಷ್ಟು ವರಮಾನವಿಲ್ಲದವರು, ಹೆಂಡತಿಯಾಗಲಿ ಗಂಡನಾಗಲಿ, ವ್ಯಾಜ್ಯ ನಡೆಯುವ ಕಾಲದ ಜೀವನಾಂಶವನ್ನೂ ವ್ಯಾಜ್ಯದ ವೆಚ್ಚವನ್ನೂ ಎದುರು ಪಕ್ಷದಿಂದ ಕೇಳಬಹುದು. ವಿವಾಹ ಕಾಯಿದೆಯ 24ನೆಯ ಕಲಮು ಅದಕ್ಕಾಗಿಯೇ ಇದೆ. ಎರಡನೆಯದು, 1987ರ ಕಾನೂನು ಸೇವೆಗಳ ಕಾಯಿದೆಯಂತೆ ಸ್ತ್ರೀಯರಿಗೆ ವರಮಾನವೆಷ್ಟೇ ಇರಲಿ ಉಚಿತ ವಕೀಲರ ನೆರವು ಉಂಟು; ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ತವರಿನಿಂದ ಬಂದ ಸ್ತ್ರೀಧನ ಅವಳದೇ. ಅದನ್ನು ಕೇಳಿ ಪಡೆಯುವುದು ಆಸೆಬುರುಕತನವಲ್ಲ.

ಕೊಡುಕೊಳ್ಳುವ ಲೆಕ್ಕಕ್ಕೆ ಬಂದಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಒಂದು ದಿನ ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರಲು ಆಕೆ ಹೇಳಿದಳಷ್ಟೆ. ಇದನ್ನು ಹಿಡಿದು "ನೋಡಮ್ಮ, ಕಡಿಮೆಗೆ ಒಪ್ಪಿಕೋ" ಎಂದು ಹೆಣ್ಣಿಗೆ ಉಪದೇಶಿಸುವ ಜಾಣರಿದ್ದಾರೆ. ಲಕ್ಕಮ್ಮ ಕೇಳಿದುದು ಬೇಕಾದುದೆಷ್ಟು ಎಂಬ ಸತ್ಯವನ್ನು. ಸಂಬಳದ ಚೀಟಿಯನ್ನು ಬಚ್ಚಿಟ್ಟು, ಜಮೀನನ್ನು ತಮ್ಮನ ಹೆಸರಿಗೆ ಬರೆದು, ತಾನು ದರಿದ್ರನೆಂದು ಪ್ರಮಾಣ ಮಾಡುವ ಗಂಡನಿಗೆ ಆ ಮಾತು ಮೊದಲು ತಾಗಬೇಕು. ಆಸ್ತಿ, ಸಾಲ, ವರಮಾನಗಳನ್ನು ಇಬ್ಬರೂ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಕೊಡಬೇಕೆಂದೂ ಹೇಳಿತು. ನಿತ್ಯ ಕರಸ್ಥಲದಲ್ಲಿ ಲಿಂಗವನ್ನು ಹಿಡಿದು ಪೂಜಿಸುವ ಕೈಯೇ ಆ ಪತ್ರಕ್ಕೆ ಸಹಿ ಹಾಕತಕ್ಕದ್ದು ಎಂಬುದನ್ನು ಬೇರೆ ಹೇಳಬೇಕೇ?

ತೀರ್ಪಿನ ತರುವಾಯ ಕುಟುಂಬದಲ್ಲಿ ಯಾವುದು ಕಡಿಯುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನೂ ಅನೇಕರು ಅರಿಯರು. ಗಂಡಹೆಂಡಿರ ಸಂಬಂಧ ಕಡಿಯುತ್ತದೆ. ಉಯಿಲಿಲ್ಲದೆ ಮಾಜಿ ಗಂಡ ಲಿಂಗೈಕ್ಯನಾದರೆ ಅವಳು ವಾರಸುದಾರಳಲ್ಲ. ಆದ್ದರಿಂದ ಶಾಶ್ವತ ಜೀವನಾಂಶದ ಮಾತನ್ನು ಬಾಯಿಮಾತಿಗೆ ಬಿಡದೆ ಆಗಲೇ ಆದೇಶದಲ್ಲಿ ಬರೆಯಿಸಬೇಕು. ವಿಮೆ, ಬ್ಯಾಂಕು, ಪಡಿತರ ಚೀಟಿಗಳಲ್ಲಿನ ಹೆಸರುಗಳನ್ನು ತಿದ್ದಿಸಬೇಕು. ಮಕ್ಕಳದಾದರೋ ಏನೂ ಕಡಿಯದು. ತಂದೆಯ ಆಸ್ತಿಯಲ್ಲಿ ಅವರ ಹಕ್ಕು ಹಾಗೆಯೇ ಇರುತ್ತದೆ. 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲುಂಟು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದೂ, ಎಲ್ಲಕ್ಕೂ ಮಿಗಿಲಾಗಿ ಮಗುವಿನ ಹಿತವನ್ನೇ ನೋಡತಕ್ಕದ್ದೆಂದೂ 1956ರ ಕಾಯಿದೆ ಹೇಳುತ್ತದೆ.

ಹೀಗಿದ್ದೂ ನಾವು ಮಗುವಿನ ಮುಂದೆ ಎದುರು ಮನೆತನವನ್ನು ಬಯ್ಯುತ್ತೇವೆ. ಆ ಮಗುವಿನ ದೇಹದಲ್ಲಿ ಆ ಮನೆತನದ ರಕ್ತವೂ ಹರಿಯುತ್ತಿದೆಯೆಂಬುದನ್ನು ಮರೆಯುತ್ತೇವೆ. ಮಗುವಿನ ಇಷ್ಟಲಿಂಗದೀಕ್ಷೆಗೆ ಬೇರೆಯಾದ ತಂದೆಯನ್ನು ಕರೆಯಬೇಕೇ ಎಂದು ಕೇಳುವವರುಂಟು. ಮಗುವಿಗೆ ಅವನಿಂದ ಭಯವಿಲ್ಲದಿದ್ದರೆ ಅಗತ್ಯವಾಗಿ ಕರೆಯಿರಿ. ಅವನ ತಾಯಿತಂದೆಗಳನ್ನೂ ಕರೆಯಿರಿ. ಅಜ್ಜ ಅಜ್ಜಿಯರ ಮೇಲೆ ಯಾವ ವಿಚ್ಛೇದನದ ತೀರ್ಪೂ ಆಗಿರುವುದಿಲ್ಲ.

ಜಂಟಿ ಅರ್ಜಿಯನ್ನು ಬರೆಯಿಸುವಾಗ ಹಣದ ಕಲಮುಗಳ ಜೊತೆಗೆ ಇವನ್ನೂ ಬರೆಯಿಸಿರಿ: ಶಾಲೆಯ ಫೀಜನ್ನು ಯಾರು ಯಾವ ತಿಂಗಳಲ್ಲಿ ಕಟ್ಟುವುದು, ಕಾಯಿಲೆಯಾದರೆ ಯಾರಿಗೆ ಮೊದಲು ತಿಳಿಸುವುದು, ಬೇಸಿಗೆಯ ರಜೆಯಲ್ಲಿ ಎಷ್ಟು ದಿನ ಯಾರ ಮನೆ, ಶಿವರಾತ್ರಿ ಒಬ್ಬರಲ್ಲಾದರೆ ಬಸವಜಯಂತಿ ಮತ್ತೊಬ್ಬರಲ್ಲಿ, ಮರುವರ್ಷ ಅದಲು ಬದಲು.