ಎರವಲು ಕಣ್ಣು

ಮೊನ್ನೆ ಸಂಜೆ ನನ್ನ ಮೊಮ್ಮಗ, “ತಾತ, ಇದನ್ನು ನೋಡು” ಎಂದು ಫೋನನ್ನು ಕೈಗಿತ್ತ. ರಷ್ಯದ ‘ಬೈಟಿಂಗ್ ಎಲ್ಬೋಸ್’ ತಂಡದ, 2013ರ ಒಂದು ಹಾಡಿನ ಚಿತ್ರ. ತಂಡದ ಹಾಡುಗಾರ ಇಲ್ಯಾ ನೈಶುಲ್ಲರನೇ ಅದರ ನಿರ್ದೇಶಕ. ಪುಟ್ಟ ಕ್ಯಾಮೆರಾವನ್ನು ಸಾಹಸ ನಟನ ತಲೆಗೇ ಕಟ್ಟಿ ತೆಗೆದದ್ದು. ಆತನ ಮುಖ ಕಾಣದು, ಕೈಗಳಷ್ಟೇ ಕಾಣುತ್ತವೆ. ಓಡುವವನೂ ಗುಂಡು ಹಾರಿಸುವವನೂ ನಾನೇ ಎನ್ನಿಸುತ್ತದೆ. “ಎಷ್ಟು ಜನ ಸತ್ತರೋ?” ಎಂದೆ. ಅವನು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಪರರ ಕಣ್ಣಿನಿಂದ ನೋಡುವುದೇ ಸಹಾನುಭೂತಿ ಎಂದು ನಂಬಿ ಬಂದವನು ನಾನು. ಇಲ್ಲಿ ಕಣ್ಣೇನೋ ಸಿಕ್ಕಿತು, ಸಹಾನುಭೂತಿ ಹುಟ್ಟಲಿಲ್ಲ. ಏಕೆ? ಸಿಕ್ಕಿದ್ದು ಹೊಡೆಯುವವನ ಕಣ್ಣೇ ಹೊರತು ಮನಸ್ಸಲ್ಲ. ಹೊಡೆಸಿಕೊಂಡವನದಂತೂ ಎರಡೂ ಇಲ್ಲ. ಮೇಲಾಗಿ, ಕಣ್ಣು ತನ್ನನ್ನು ತಾನು ಕಾಣದು.

1997ರಲ್ಲಿ ಇಂಗ್ಲೆಂಡಿನ ‘ಪ್ರಾಡಿಜಿ’ ತಂಡಕ್ಕಾಗಿ ಯೋನಾಸ್ ಓಕರ್‌ಲುಂಡ್ ತೆಗೆದ ಚಿತ್ರವೂ ಇಂಥದೇ. ಇರುಳೆಲ್ಲ ಕುಡಿದು ಬಡಿದಾಡುವ ಆ ಕಣ್ಣು ಗಂಡಸಿನದೆಂದೇ ನಾವು ನಂಬಿರುತ್ತೇವೆ. ಕೊನೆಗೆ ಕನ್ನಡಿಯಲ್ಲಿ ಮೂಡುವುದು ಹೆಂಗಸಿನ ಮುಖ! ನಾವು ಬೆಚ್ಚುವುದು ಅವಳನ್ನು ಕಂಡಲ್ಲ, ನಮ್ಮ ತೀರ್ಪನ್ನು ಕಂಡು.

ಕಣ್ಣನ್ನು ಎರವಲು ತರುವುದು ತಪ್ಪಲ್ಲ. ಆದರೆ ದಾರಿಯಲ್ಲಿ ಎಲ್ಲಾದರೂ ಒಂದು ಕನ್ನಡಿ ಇರಬೇಕು. ಚಿತ್ರದಲ್ಲಿ ಇಲ್ಲದಿದ್ದರೆ ನೋಡುವವನ ಮನಸ್ಸಿನಲ್ಲಾದರೂ.