ಗರಿಕೆ ಬಾಡಿದ ಮೇಲೆ

ಎಲೆ, ಮಣ್ಣು, ಮಂಜುಗಡ್ಡೆಯಲ್ಲಿ ಕಲಾಕೃತಿ ಮಾಡಿ ಬಿಸಿಲು ಮಳೆಗೆ ಬಿಟ್ಟುಬಿಡುವ ಕಲಾವಿದರ ಮಾತು ಬಂದರೆ ಸಾಕು, ನಮ್ಮ ಭಾಷಣಕಾರರು 'ಎಲ್ಲವೂ ಅನಿತ್ಯ, ಎಲ್ಲವೂ ಮಿಥ್ಯೆ' ಎಂದು ಒಂದೇ ಉಸಿರಿಗೆ ಹೇಳಿ ಕೂತುಬಿಡುತ್ತಾರೆ. ಎರಡೂ ಬೇರೆ ಬೇರೆ ಸ್ವಾಮಿ.

ನಮ್ಮ ಕೋಲಾರದ ಕಡೆ ಹಬ್ಬದ ಬೆಳಗ್ಗೆ ಸಗಣಿ ಬೆನಕ ಮಾಡುವುದನ್ನು ನೋಡಿ. ಹಸಿ ಸಗಣಿಯನ್ನು ಅಂಗೈಯಲ್ಲಿ ಉಂಡೆ ಕಟ್ಟಿ, ಬೆರಳಲ್ಲಿ ಒತ್ತಿ ತಲೆ ಮೊನಚು ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿದರೆ ಆಯಿತು. ಸೊಂಡಿಲೂ ಇಲ್ಲ, ಕಣ್ಣೂ ಇಲ್ಲ. ಮಾಡಿದವರ ಬೆರಳಿನ ಗುರುತು ಮಾತ್ರ ಮೈಮೇಲೆ ಕಾಣುತ್ತದೆ. ಅರಿಸಿನ ಕುಂಕುಮ ಬಿತ್ತೆಂದರೆ ಮನೆಮಂದಿಯೆಲ್ಲ ಕೈಮುಗಿಯುತ್ತಾರೆ. ಬಿಸಿಲೇರಿದಂತೆ ಮೈ ಬಿರಿಯುತ್ತದೆ, ಗರಿಕೆ ಬಾಡುತ್ತದೆ. ಆಮೇಲೆ ಗಿಡದ ಬುಡಕ್ಕೆ. ಮುಳಬಾಗಿಲಿನ ಹತ್ತಿರ ಕುರುಡುಮಲೆಯಲ್ಲಿ ಸುಮಾರು 13 ಅಡಿಯ ಏಕಶಿಲಾ ಗಣಪ ಕೂತಿದ್ದಾನೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿಯ ಸದ್ದು ಇನ್ನೂ ನಿಂತಿಲ್ಲ. ಕಲ್ಲಿನವನು ಹೆಚ್ಚು ದೇವರು, ಸಗಣಿಯವನು ಕಡಿಮೆ ದೇವರು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮಿಥ್ಯೆಗೆ ಶಂಕರರ ಕಡೆಯವರು ಕೊಡುವ ಉದಾಹರಣೆ ಹಗ್ಗದ ಹಾವು. ದೀಪ ತಂದಾಗ 'ಹಾವು ಹೋಯಿತು' ಎನ್ನುವುದಿಲ್ಲ, 'ಹಾವು ಇರಲೇ ಇಲ್ಲ' ಎನ್ನುತ್ತೇವೆ. ಬೆನಕನ ವಿಷಯದಲ್ಲಿ ಹಾಗೆ ಹೇಳಿ ನೋಡೋಣ! ನಿನ್ನೆ ಇದ್ದ, ಇವತ್ತಿಲ್ಲ. 'ಇರಲೇ ಇಲ್ಲ' ಎಂಬುದು ಮಿಥ್ಯೆ. 'ಇತ್ತು, ಹೋಯಿತು' ಎಂಬುದು ಅನಿತ್ಯ. ಕೊನೆಯವರೆಗೆ ಉಳಿಯದ್ದು ಪರಮಸತ್ಯವಲ್ಲ ಎಂದು ಅದ್ವೈತಿಗಳು ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಜಾಣ ವಾದ, ಆದರೆ ಸಗಣಿ ಮೆತ್ತಿದ ಕೈಗೆ ಅದು ಒಗ್ಗುವುದಿಲ್ಲ. ಅಳಿಯುವುದಕ್ಕಾದರೂ ಮೊದಲು ಇರಬೇಕಲ್ಲ? ಜಗತ್ತು ಬದಲಾದರೂ ಸತ್ಯವೇ ಎಂದ ಮಧ್ವರ ಪರಂಪರೆಯ ಶ್ರೀಪಾದರಾಜರ ಬೃಂದಾವನ ಮುಳಬಾಗಿಲಿನಲ್ಲೇ ಇದೆ. ಅವರಲ್ಲಿ ಓದಿದ ವ್ಯಾಸರಾಯರು 'ನ್ಯಾಯಾಮೃತ'ದಲ್ಲಿ ಮಿಥ್ಯೆಯ ಲಕ್ಷಣಗಳನ್ನು ಒಂದೊಂದಾಗಿ ಹಿಡಿದು ಖಂಡಿಸಿದರು. ನಮ್ಮ ಜಿಲ್ಲೆಯ ಮಠವೆಂದು ಪಕ್ಷಪಾತ ಮಾಡುತ್ತಿದ್ದೇನೆ ಎನ್ನುವವರು ಎನ್ನಲಿ.

ಬ್ರಿಟನ್ನಿನ ಆಂಡಿ ಗೋಲ್ಡ್ಸ್‌ವರ್ದಿ ಎಲೆಗೆ ಎಲೆ ಹೆಣೆದು ಹೊಳೆಗೆ ಬಿಡುತ್ತಾರೆ, ಮಂಜಿನ ಕಡ್ಡಿಗಳನ್ನು ಒಂದಕ್ಕೊಂದು ಅಂಟಿಸಿ ಕರಗಲು ಬಿಡುತ್ತಾರೆ. ಅದಕ್ಕೂ ಮೊದಲು ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ! ಅಲ್ಲಿ ನನಗೆ ಕೊಂಚ ಅನುಮಾನ. ಮಾವಿನ ಊರು ಶ್ರೀನಿವಾಸಪುರದಲ್ಲಿ ಹಬ್ಬದ ತೋರಣ ಒಣಗಿ ತರಗೆಲೆಯಾಗಿ ಉದುರುವವರೆಗೂ ಬಾಗಿಲಲ್ಲೇ ತೂಗುತ್ತದೆ. ಈಗ ಅಂಗಡಿಗಳಿಗೆ ಪ್ಲಾಸ್ಟಿಕ್ ತೋರಣವೂ ಬಂದಿದೆ, ವರ್ಷವಿಡೀ ಹಸಿರು. ಬೀದಿಯಿಂದ ನೋಡಿದರೆ ಮಾವಿನೆಲೆ. ಹೊಸ್ತಿಲಿಗೆ ಬಂದು ಮುಟ್ಟಿದರೆ, ಎಲೆ ಇರಲೇ ಇಲ್ಲ.